ಭಾಗದ ಬೆಲೆ ಒಂದು, ಬದಲಾಯಿಸುವ ಖರ್ಚು ಇನ್ನೊಂದು

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ವಿಚಾರಗೋಷ್ಠಿಯಲ್ಲಿ ಡೀಸೆಲ್ ಮೆಕ್ಯಾನಿಕ್ ವಿಭಾಗದ ನಿವೃತ್ತ ಐ.ಟಿ.ಐ. ಬೋಧಕರೊಬ್ಬರು ಮಾಡಿದ ಭಾಷಣದ ಬರಹರೂಪ)



ಒಂದು ಸಂಘವನ್ನು ಇಪ್ಪತ್ತೈದು ವರ್ಷ ಒಡೆಯದೆ, ಮುರಿಯದೆ ನಡೆಸಿಕೊಂಡು ಬರುವುದು ಸಣ್ಣ ಮಾತಲ್ಲ. ಅದಕ್ಕಾಗಿ ತಮ್ಮೆಲ್ಲರಿಗೂ ಮೊದಲು ನನ್ನ ಅಭಿನಂದನೆಗಳು. ನನಗಿಂತ ಮೊದಲು ಮಾತನಾಡಿದವರು ಸಹಕಾರ ತತ್ವದ ಬಗ್ಗೆ ಬಹಳ ಚೆನ್ನಾಗಿ ಹೇಳಿದ್ದಾರೆ. ನಾನು ಭಾಷಣಕಾರನಲ್ಲ, ಎಣ್ಣೆ-ಗ್ರೀಸು ಕೈಯವನು. ಆದ್ದರಿಂದ ಒಂದು ಯಂತ್ರದ ಒಂದೇ ಒಂದು ಭಾಗದ ಬಗ್ಗೆ ಮಾತ್ರ ಮಾತಾಡುತ್ತೇನೆ. ಆ ಭಾಗದ ಹೆಸರು ಟಾರ್ಕ್ ಕನ್ವರ್ಟರ್.

ಇದೇನಪ್ಪ ಬೆಳ್ಳಿಹಬ್ಬಕ್ಕೂ ಟಾರ್ಕ್ ಕನ್ವರ್ಟರಿಗೂ ಸಂಬಂಧ ಅಂತ ತಮಗೆ ಅನ್ನಿಸಬಹುದು. ಸಂಬಂಧ ಇದೆ. ಸಂಘದ ಗೋಡೌನ್ ಪಕ್ಕದಲ್ಲಿ ಹಳದಿ ಬಣ್ಣದ ಯಂತ್ರ ನಿಂತಿದೆಯಲ್ಲ, ನಾವು ಯಾವ ಕಂಪನಿಯದ್ದಾದರೂ ಜೆ.ಸಿ.ಬಿ. ಅಂತಲೇ ಕರೆಯುತ್ತೇವಲ್ಲ, ಅದರ ಹೊಟ್ಟೆಯೊಳಗೆ ಈ ಭಾಗ ಇದೆ. ಸದಸ್ಯರು ಅದನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ತೆಗೆದುಕೊಳ್ಳುತ್ತೀರಿ. ಕೃಷಿ ಹೊಂಡ ತೆಗೆಸುತ್ತೀರಿ, ತೋಟಕ್ಕೆ ಬಸಿಗಾಲುವೆ ಹೊಡೆಸುತ್ತೀರಿ, ಬದು ಹಾಕಿಸುತ್ತೀರಿ, ಗೊಬ್ಬರ ತುಂಬಿಸುತ್ತೀರಿ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಅದರ ಬಾಡಿಗೆ ಗಂಟೆಗೆ ನೂರು ರೂಪಾಯಿ ಇಳಿಸಬೇಕೆಂದು ಕೆಲವು ಸದಸ್ಯರು ಅರ್ಜಿ ಕೊಟ್ಟಿದ್ದಾರೆಂದು ಕಾರ್ಯದರ್ಶಿಗಳು ಹೇಳಿದರು. ಇಳಿಸಬೇಕೋ ಬೇಡವೋ ಎಂದು ತೀರ್ಮಾನ ಮಾಡುವವರು ನೀವು. ಆದರೆ ತೀರ್ಮಾನಕ್ಕೆ ಮೊದಲು ಈ ಒಂದು ಭಾಗ ಕೆಟ್ಟರೆ ಏನಾಗುತ್ತದೆ ಎಂಬ ಲೆಕ್ಕ ನಿಮ್ಮ ಕಣ್ಣ ಮುಂದೆ ಇರಲಿ ಎಂಬುದಷ್ಟೇ ನನ್ನ ಆಸೆ.

ಏನಿದು ಟಾರ್ಕ್ ಕನ್ವರ್ಟರ್?

ಟ್ರ್ಯಾಕ್ಟರಿನಲ್ಲಿ ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಕ್ಲಚ್ ಪ್ಲೇಟ್ ಇರುತ್ತದೆ. ಇದು ಎಲ್ಲರಿಗೂ ಗೊತ್ತು. ಕಾಲಲ್ಲಿ ಒತ್ತಿದರೆ ಬಿಡುತ್ತದೆ, ಕಾಲು ತೆಗೆದರೆ ಹಿಡಿಯುತ್ತದೆ. ಉಜ್ಜಿ ಉಜ್ಜಿ ಸವೆಯುತ್ತದೆ. ಜೆ.ಸಿ.ಬಿ.ಯ ಕೆಲಸ ನೋಡಿ: ಮಣ್ಣಿನ ಗುಡ್ಡೆಗೆ ನುಗ್ಗಬೇಕು, ಬಕೆಟ್ ತುಂಬಬೇಕು, ಹಿಂದಕ್ಕೆ ಬರಬೇಕು, ತಿರುಗಿ ಲಾರಿಗೆ ಸುರಿಯಬೇಕು, ಮತ್ತೆ ನುಗ್ಗಬೇಕು. ದಿನಕ್ಕೆ ನೂರಾರು ಸಲ ಮುಂದೆ-ಹಿಂದೆ. ಇಷ್ಟು ಸಲ ಸಾಧಾರಣ ಕ್ಲಚ್ ಒತ್ತಿ ಬಿಟ್ಟರೆ ಪ್ಲೇಟು ಸುಟ್ಟು ಕರಕಲಾಗುತ್ತದೆ, ಡ್ರೈವರನ ಮಂಡಿಯೂ ಹೋಗುತ್ತದೆ. ಅದಕ್ಕೇ ಇಂಥ ಯಂತ್ರಗಳಲ್ಲಿ ಎಂಜಿನ್ನಿನ ಹಿಂದೆ ಪ್ಲೇಟಿನ ಬದಲು ಎಣ್ಣೆ ತುಂಬಿದ, ಮುಚ್ಚಿದ ಒಂದು ಡಬರಿಯಂಥ ಭಾಗ ಇಟ್ಟಿರುತ್ತಾರೆ. ಅದೇ ಟಾರ್ಕ್ ಕನ್ವರ್ಟರ್.

ಎರಡು ಟೇಬಲ್ ಫ್ಯಾನನ್ನು ಎದುರು ಬದರು ಇಡಿ. ಒಂದಕ್ಕೆ ಕರೆಂಟ್ ಕೊಡಿ. ಅದರ ಗಾಳಿಗೆ ಎದುರಿನ ಫ್ಯಾನೂ ತಿರುಗಲು ಶುರುವಾಗುತ್ತದೆ. ಗಾಳಿಯ ಜಾಗದಲ್ಲಿ ಎಣ್ಣೆ ಅಂತ ತಿಳಿದುಕೊಳ್ಳಿ. ಎಂಜಿನ್ ತಿರುಗಿಸುವ ರೆಕ್ಕೆಗಳಿಗೆ ಇಂಪೆಲ್ಲರ್ ಎಂದೂ, ಗೇರ್ ಬಾಕ್ಸ್ ಕಡೆಯ ರೆಕ್ಕೆಗಳಿಗೆ ಟರ್ಬೈನ್ ಎಂದೂ ಹೆಸರು. ಇಷ್ಟೇ ಆಗಿದ್ದರೆ ಶಕ್ತಿ ಆ ಕಡೆಯಿಂದ ಈ ಕಡೆಗೆ ದಾಟುತ್ತಿತ್ತೇ ಹೊರತು ತಿರುಗಿಸುವ ಬಲ ಹೆಚ್ಚಾಗುತ್ತಿರಲಿಲ್ಲ. ಬಲ ಹೆಚ್ಚಿಸುವುದು ಇವೆರಡರ ನಡುವೆ ಇರುವ ಮೂರನೆಯದು. ಅದರ ಹೆಸರು ಸ್ಟೇಟರ್. ಟರ್ಬೈನಿಗೆ ಬಡಿದು ವಾಪಸ್ಸು ಬರುವ ಎಣ್ಣೆ ಅಡ್ಡ ದಿಕ್ಕಿನಲ್ಲಿ ಬರುತ್ತದೆ, ಹಾಗೆಯೇ ಬಿಟ್ಟರೆ ಇಂಪೆಲ್ಲರನ್ನು ತಡೆಯುತ್ತದೆ. ತೋಟಕ್ಕೆ ನೀರು ಕಟ್ಟುವವನು ಗುದ್ದಲಿಯಲ್ಲಿ ಮಡೆ ತಿರುಗಿಸಿ ನೀರನ್ನು ಬೇಕಾದ ಸಾಲಿಗೆ ಬಿಡುತ್ತಾನಲ್ಲ, ಹಾಗೆ ಸ್ಟೇಟರು ಆ ಎಣ್ಣೆಯ ದಿಕ್ಕು ತಿರುಗಿಸಿ ಇಂಪೆಲ್ಲರಿಗೆ ಸಹಾಯವಾಗುವಂತೆ ಬಿಡುತ್ತದೆ. ಹೀಗಾಗಿ ನಿಂತಲ್ಲಿಂದ ಎಳೆಯುವಾಗ ಎಂಜಿನ್ ಕೊಡುವ ತಿರುಗುಬಲ ಸುಮಾರು ಎರಡರಿಂದ ಎರಡೂವರೆ ಪಟ್ಟಾಗುತ್ತದೆ. ಗಟ್ಟಿ ಮಣ್ಣಿಗೆ ನುಗ್ಗುವಾಗ ಯಂತ್ರ ಆಫ್ ಆಗದೆ ಗುಟುರು ಹಾಕುತ್ತಾ ನಿಲ್ಲುವುದು ಇದರಿಂದಲೇ.

ಇದನ್ನು ಮೊದಲು ಕಂಡುಹಿಡಿದದ್ದು ಜೆ.ಸಿ.ಬಿ.ಗೂ ಅಲ್ಲ, ಕಾರಿಗೂ ಅಲ್ಲ. ಹಡಗಿಗೆ. ಜರ್ಮನಿಯ ಇಂಜಿನಿಯರು ಹರ್ಮನ್ ಫೋಟಿಂಗರ್ ಅವರು ಹಡಗಿನ ಟರ್ಬೈನಿನ ವೇಗವನ್ನು ಪ್ರೊಪೆಲ್ಲರಿಗೆ ಹೊಂದಿಸಲು ಇದನ್ನು ಯೋಚಿಸಿ 1905ರಲ್ಲಿ ಪೇಟೆಂಟ್ ಪಡೆದರು. ಇನ್ನೊಂದು ಸಂತೋಷದ ಸಂಗತಿ ಹೇಳಬೇಕು. ಅದೇ 1905ರಲ್ಲಿ ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ನೋಡಿ, ಒಬ್ಬೊಬ್ಬರ ಸಣ್ಣ ಬಲವನ್ನು ಒಟ್ಟುಗೂಡಿಸಿ ದೊಡ್ಡ ಕೆಲಸಕ್ಕೆ ಹಚ್ಚುವ ವಿದ್ಯೆ ಅಲ್ಲೊಂದು, ಇಲ್ಲೊಂದು ಒಂದೇ ವರ್ಷದಲ್ಲಿ ಶುರುವಾಯಿತು. ಸಂಘವೂ ಒಂದು ಥರದ ಟಾರ್ಕ್ ಕನ್ವರ್ಟರೇ ಸ್ವಾಮಿ!

ಕೆಟ್ಟಿದೆಯೋ ಇಲ್ಲವೋ, ಮೊದಲು ನೋಡಿ

ಇನ್ನು ಖರ್ಚಿನ ಮಾತು. ಬದಲಾಯಿಸುವುದಕ್ಕಿಂತ ಮೊದಲು ಬದಲಾಯಿಸಲೇಬೇಕೇ ಎಂದು ನೋಡಬೇಕು. ಇಲ್ಲೇ ಅರ್ಧ ದುಡ್ಡು ಉಳಿಯುವುದು.

ಯಂತ್ರ ಎಳೆಯುತ್ತಿಲ್ಲ, ಎಂಜಿನ್ ಮಾತ್ರ ಕೂಗುತ್ತೆ, ಬಿಸಿಯಾಗುತ್ತೆ, ಬೆಳಿಗ್ಗೆ ಚೆನ್ನಾಗಿದ್ದು ಮಧ್ಯಾಹ್ನದ ಹೊತ್ತಿಗೆ ಸೋಲುತ್ತೆ. ಇವು ಕನ್ವರ್ಟರ್ ಕೆಟ್ಟ ಲಕ್ಷಣಗಳು. ಆದರೆ ಗೇರ್ ಬಾಕ್ಸಿನ ಎಣ್ಣೆ ಕಡಿಮೆಯಾದರೂ ಇವೇ ಲಕ್ಷಣ. ಫಿಲ್ಟರ್ ಕಟ್ಟಿಕೊಂಡರೂ ಇವೇ. ಎಣ್ಣೆ ಹೀರುವ ಜಾಲರಿಗೆ ಕಸ ಸಿಕ್ಕಿಕೊಂಡರೂ ಇವೇ. ಎಣ್ಣೆ ತಣ್ಣಗೆ ಮಾಡುವ ಕೂಲರಿನ ಮೇಲೆ ಧೂಳು, ಹುಲ್ಲು ಮೆತ್ತಿಕೊಂಡರೂ ಇವೇ. ಬೇರೆ ಜಾತಿಯ ಎಣ್ಣೆ ಹಾಕಿ ನೊರೆ ಬಂದರೂ ಇವೇ. ಗೇರ್ ಬಾಕ್ಸಿನೊಳಗಿರುವ ಮುಂದೆ-ಹಿಂದೆಯ ಕ್ಲಚ್ಚು ಸವೆದಿದ್ದರೂ ಇವೇ. ಕೊನೆಗೆ ಡೀಸೆಲ್ ಫಿಲ್ಟರ್ ಕಟ್ಟಿಕೊಂಡು ಎಂಜಿನ್ನೇ ಸೊರಗಿದ್ದರೂ ನೋಡುವವರಿಗೆ ಹಾಗೇ ಕಾಣುತ್ತದೆ. ಜ್ವರ ಬಂದವರಿಗೆಲ್ಲ ಟೈಫಾಯಿಡ್ ಅಲ್ಲ.

ನಾನು ನೋಡಿದ ಒಂದು ಸಂಗತಿ. ಪಕ್ಕದ ತಾಲ್ಲೂಕಿನ ಯುವಕನೊಬ್ಬ ಸಾಲ ಮಾಡಿ ಯಂತ್ರ ಕೊಂಡಿದ್ದ. ಏರು ಹತ್ತಲ್ಲ ಎಂದು ಗ್ಯಾರೇಜಿಗೆ ಬಿಟ್ಟರೆ, "ಕನ್ವರ್ಟರ್ ಹೋಗಿದೆ, ಗೇರ್ ಬಾಕ್ಸ್ ಇಳಿಸಬೇಕು" ಅಂದರು. ದುಡ್ಡು ಹೊಂಚಲು ಹೆಂಡತಿಯ ಒಡವೆ ಅಡ ಇಡುವ ಮಾತು ನಡೆದಿತ್ತು. ಯಾರೋ ಹಿರಿಯ ಮೆಕ್ಯಾನಿಕ್ಕು, "ಇಳಿಸೋದು ನಾಳೆ ಇಳಿಸಣ, ಇವತ್ತು ಜಾಲರಿ ಬಿಚ್ಚು" ಅಂದ. ಬಿಚ್ಚಿದರೆ ಗ್ಯಾಸ್ಕೆಟ್ಟಿಗೆ ಹಚ್ಚಿದ್ದ ಅಂಟು ಕಳಚಿ ಬಂದು ಜಾಲರಿಯನ್ನು ಮುಚ್ಚಿಕೊಂಡಿತ್ತು. ತೊಳೆದು, ಫಿಲ್ಟರು ಎಣ್ಣೆ ಹೊಸದು ಹಾಕಿದ ಮೇಲೆ ಯಂತ್ರ ಎದ್ದು ಹೊರಟಿತು. ಒಡವೆ ಪೆಟ್ಟಿಗೆಯಲ್ಲೇ ಉಳಿಯಿತು.

ಇಷ್ಟೆಲ್ಲ ನೋಡಿದ ಮೇಲೂ ಅನುಮಾನ ಉಳಿದರೆ ಸ್ಟಾಲ್ ಟೆಸ್ಟ್ ಎಂಬ ಪರೀಕ್ಷೆ ಇದೆ. ತಿಳಿದ ಮೆಕ್ಯಾನಿಕ್ಕೇ ಇದನ್ನು ಮಾಡಬೇಕು. ಎಣ್ಣೆ ಬಿಸಿಯಾದ ಮೇಲೆ, ಮುಂದೆ-ಹಿಂದೆ ಯಾರೂ ಇಲ್ಲದಂತೆ ನೋಡಿಕೊಂಡು, ಬ್ರೇಕ್ ಗಟ್ಟಿಯಾಗಿ ಹಿಡಿದು, ಗೇರಿಗೆ ಹಾಕಿ, ಪೂರ್ತಿ ಎಕ್ಸಲೇಟರ್ ಕೊಟ್ಟು ಎಂಜಿನ್ ಎಷ್ಟು ಸುತ್ತಿಗೆ ನಿಲ್ಲುತ್ತದೆ ಎಂದು ನೋಡುವುದು. ಕೆಲವೇ ಸೆಕೆಂಡು ಅಷ್ಟೆ, ಇಲ್ಲವಾದರೆ ಎಣ್ಣೆ ಕುದಿಯುತ್ತದೆ. ಬಂದ ಅಂಕಿಯನ್ನು ಯಂತ್ರದ ಪುಸ್ತಕದಲ್ಲಿ ಕೊಟ್ಟ ಅಂಕಿಗೆ ಹೋಲಿಸಬೇಕು. ತೀರಾ ಕಡಿಮೆ ಬಂದರೆ ಎಂಜಿನ್ ಸೊರಗಿದೆ ಅಥವಾ ಕನ್ವರ್ಟರಿನ ಸ್ಟೇಟರು ಹಿಡಿತ ಬಿಟ್ಟಿದೆ. ತೀರಾ ಹೆಚ್ಚು ಬಂದರೆ ಎಣ್ಣೆ ಕಡಿಮೆ ಇದೆ ಅಥವಾ ಗೇರ್ ಬಾಕ್ಸಿನ ಕ್ಲಚ್ಚು ಜಾರುತ್ತಿದೆ, ಆಗ ಕನ್ವರ್ಟರ್ ಬದಲಾಯಿಸಿದರೆ ದುಡ್ಡು ದಂಡ. ಹತ್ತು ನಿಮಿಷದ ಈ ಪರೀಕ್ಷೆಗೆ ತಗಲುವುದು ಒಂದಿಷ್ಟು ಡೀಸೆಲ್. ಸಂಘದ ಯಂತ್ರವನ್ನು ಬಿಚ್ಚುವ ಮೊದಲು ಈ ಪರೀಕ್ಷೆಯ ಅಂಕಿಯನ್ನು ಕಾಗದದಲ್ಲಿ ಬರೆಸಿಕೊಳ್ಳಬೇಕೆಂದು ಒಂದು ಠರಾವು ಮಾಡಿಬಿಡಿ.

ಕಾರು ಇರುವವರಿಗೂ ಒಂದು ಮಾತು. ಈಗ ಹಳ್ಳಿಗೂ ಡೀಸೆಲ್ ಆಟೊಮ್ಯಾಟಿಕ್ ಕಾರುಗಳು ಬಂದಿವೆ. ಇನ್ನೋವಾ ಕ್ರಿಸ್ಟಾದಂಥ ಗಾಡಿಯ ಆಟೊಮ್ಯಾಟಿಕ್ ಮಾದರಿಯಲ್ಲಿ ಇರುವುದು ಟಾರ್ಕ್ ಕನ್ವರ್ಟರ್. ಆದರೆ ಎ.ಎಂ.ಟಿ. ಎಂದು ಬರುವ ಸಣ್ಣ ಕಾರುಗಳಲ್ಲಿ ಇರುವುದು ಮಾಮೂಲಿ ಕ್ಲಚ್ ಪ್ಲೇಟೇ, ಒತ್ತುವ ಕೆಲಸ ಮಾತ್ರ ಯಂತ್ರದ್ದು. ಅಂಥ ಗಾಡಿಗೆ ಯಾರಾದರೂ ಕನ್ವರ್ಟರ್ ಬದಲಾಯಿಸಬೇಕೆಂದು ಬಿಲ್ಲು ಬರೆದರೆ ಕೈಮುಗಿದು ಗಾಡಿ ತೆಗೆದುಕೊಂಡು ಹೊರಟುಬಿಡಿ.

ಖರ್ಚು ಎಲ್ಲೆಲ್ಲಿಗೆ ಹೋಗುತ್ತೆ?

ಸರಿ, ಕನ್ವರ್ಟರ್ ನಿಜವಾಗಿಯೂ ಕೆಟ್ಟಿದೆ. ಆಗ ನಾವು ಮಾಡುವ ಮೊದಲ ಕೆಲಸ ಏನು? ಬೆಂಗಳೂರಿನ ಜೆ.ಸಿ. ರಸ್ತೆಗೆ ಫೋನ್ ಹಚ್ಚಿ, "ಕನ್ವರ್ಟರ್ ಎಷ್ಟಣ್ಣ?" ಅಂತ ಕೇಳುತ್ತೇವೆ. ಅವರು ಒಂದು ಬೆಲೆ ಹೇಳುತ್ತಾರೆ. ಅಷ್ಟು ದುಡ್ಡು ಕೈಯಲ್ಲಿಟ್ಟುಕೊಂಡು ಕೆಲಸ ಶುರು ಮಾಡಿಸುತ್ತೇವೆ. ಆಮೇಲೆ ಮಧ್ಯದಲ್ಲಿ ಕೈ ಖಾಲಿ. ಬಿಚ್ಚಿದ ಯಂತ್ರ ಶೆಡ್ಡಿನಲ್ಲಿ, ಯಜಮಾನ ಬಡ್ಡಿಯವನ ಮನೆ ಬಾಗಿಲಲ್ಲಿ.

ಬೆಲೆಗಳು ಮಾದರಿ ನೋಡಿ, ಊರು ನೋಡಿ, ಒರಿಜಿನಲ್ಲೋ ಲೋಕಲ್ಲೋ ನೋಡಿ ಬದಲಾಗುತ್ತವೆ. ಆದ್ದರಿಂದ ನಾನು ಈಗ ಹೇಳುವ ಅಂಕಿಗಳನ್ನು ಅಂಗಡಿಯ ರೇಟು ಎಂದು ತಿಳಿಯಬೇಡಿ. ಲೆಕ್ಕದ ದಾರಿ ತೋರಿಸಲು ಇಟ್ಟುಕೊಂಡ ಅಂಕಿಗಳು. ನಿಮ್ಮ ಕೊಟೇಶನ್ ಬಂದಾಗ ನಿಮ್ಮ ಅಂಕಿಗಳನ್ನು ಇದೇ ಜಾಗದಲ್ಲಿ ತುಂಬಿಕೊಳ್ಳಿ.

ಕನ್ವರ್ಟರ್ 40,000 ರೂಪಾಯಿ ಅಂತ ಇಟ್ಟುಕೊಳ್ಳೋಣ. ಇದು ಮೊದಲ ಬಾಬತ್ತು. ಎರಡನೆಯದು ಎಣ್ಣೆ, ಫಿಲ್ಟರ್, ಆಯಿಲ್ ಸೀಲು, ಗ್ಯಾಸ್ಕೆಟ್ಟು. ಹಳೆಯ ಎಣ್ಣೆಯಲ್ಲಿ ಲೋಹದ ಪುಡಿ ಇರುತ್ತದೆ, ಅದನ್ನು ಸೋಸಿ ವಾಪಸ್ಸು ಹಾಕುವಂತಿಲ್ಲ. ಹೊಸ ಎಣ್ಣೆಯೇ ಆಗಬೇಕು. ಇದಕ್ಕೆ 10,000. ಮೂರನೆಯದು ಎಂಜಿನ್ನಿಗೂ ಕನ್ವರ್ಟರಿಗೂ ನಡುವಿನ ಡ್ರೈವ್ ಪ್ಲೇಟು, ಅದರ ಬೋಲ್ಟುಗಳು, ಬಿರುಕು ಬಿಟ್ಟ ಹೋಸು ಪೈಪುಗಳು. ಇದಕ್ಕೆ 5,000. ನಾಲ್ಕನೆಯದು ಮಜೂರಿ. ಕನ್ವರ್ಟರ್ ಹೊರಗಿನಿಂದ ಬಿಚ್ಚುವ ಭಾಗವಲ್ಲ. ಜಾಯಿಂಟು ಬಿಚ್ಚಿ, ಪೈಪು ಬಿಚ್ಚಿ, ಭಾರವಾದ ಗೇರ್ ಬಾಕ್ಸನ್ನು ಹಿಂದಕ್ಕೆ ಸರಿಸಿ ಇಳಿಸಿದ ಮೇಲೆಯೇ ಅದು ಕಣ್ಣಿಗೆ ಕಾಣುವುದು. ಇದಕ್ಕೆ 12,000. ಐದನೆಯದು ಕೂಲರ್ ತೊಳೆಸುವುದು, ಸಾಮಾನು ತರುವ ಓಡಾಟ, ಇಳಿಸಿ ಏರಿಸುವ ಬಾಡಿಗೆ. ಇದಕ್ಕೆ 5,000. ಒಟ್ಟು 72,000 ರೂಪಾಯಿ. ಫೋನಿನಲ್ಲಿ ಕೇಳಿದ್ದು 40,000.

ಇಲ್ಲಿಗೆ ಮುಗಿಯಿತೇ? ಇಲ್ಲ. ಬಿಲ್ಲಿನಲ್ಲಿ ಕಾಣದ ಆರನೆಯ ಬಾಬತ್ತು ಒಂದಿದೆ. ಅದೇ ಯಂತ್ರ ನಿಂತ ದಿನಗಳು. ಬಾಡಿಗೆ ಗಂಟೆಗೆ 1,200 ಅಂತ ಇಟ್ಟುಕೊಳ್ಳಿ. ಗಂಟೆಗೆ ಐದು ಲೀಟರ್ ಡೀಸೆಲ್ಲು, ಲೀಟರಿಗೆ 90 ರೂಪಾಯಿಯಂತೆ 450. ಗ್ರೀಸು, ಎಣ್ಣೆಗೆ 50. ಉಳಿಯುವುದು 700. ದಿನಕ್ಕೆ ಆರು ಗಂಟೆ ಓಡುವ ಯಂತ್ರ ಎಂಟು ದಿನ ನಿಂತರೆ 48 ಗಂಟೆ. 48 ಗಂಟೆಗೆ 700ರಂತೆ 33,600 ರೂಪಾಯಿ ಬರಬೇಕಾದ್ದು ಬರಲಿಲ್ಲ. ಯಂತ್ರ ನಿಂತರೂ ಡ್ರೈವರನ ಸಂಬಳ ನಿಲ್ಲುವುದಿಲ್ಲ, ಬ್ಯಾಂಕಿನ ಕಂತು ನಿಲ್ಲುವುದಿಲ್ಲ. ಆ 72,000ಕ್ಕೆ ಈ 33,600 ಸೇರಿಸಿದರೆ 1,05,600 ರೂಪಾಯಿ. ನಲವತ್ತು ಸಾವಿರದ ಭಾಗ ಒಂದು ಲಕ್ಷ ದಾಟಿತು. ಇದನ್ನೇ ನಮ್ಮ ಹಿರಿಯರು ಮೂಗಿಗಿಂತ ಮೂಗುತಿ ಭಾರ ಅಂದದ್ದು.

ಈ ಕೆಡುಕು ಉಗಾದಿ ಕಳೆದು ಮುಂಗಾರು ಹಿಡಿಯುವ ಮೊದಲು ಬಂದರೆ ಇನ್ನೂ ಕಷ್ಟ. ಹೊಂಡ, ಬದು, ಕಾಲುವೆ ಎಲ್ಲ ಕೆಲಸವೂ ಮಳೆ ಬೀಳುವ ಮುಂಚೆ ಆಗಬೇಕು. ಆ ಎಂಟು ದಿನ ತಪ್ಪಿದರೆ ಸಂಘಕ್ಕೆ ನಷ್ಟ ಮಾತ್ರವಲ್ಲ, ಹೊಂಡ ತೆಗೆಸದ ಸದಸ್ಯನಿಗೆ ಆ ವರ್ಷದ ನೀರೂ ಹೋಯಿತು.

ಅಗ್ಗ ಮಾಡಲು ಹೋಗಿ

ಈ ಖರ್ಚು ನೋಡಿ ಹೆದರಿ, ಎಲ್ಲೆಲ್ಲಿ ಉಳಿಸಬಹುದು ಅಂತ ಜನ ನೋಡುತ್ತಾರೆ. ತಪ್ಪಲ್ಲ. ಆದರೆ ಉಳಿಸಬಾರದ ಕಡೆ ಉಳಿಸುವುದೇ ಹೆಚ್ಚು.

ಹಳೆಯ ಕನ್ವರ್ಟರನ್ನು ಲೇತಿನಲ್ಲಿ ಕೊಯ್ಸಿ, ಒಳಗಿನದು ಬದಲಾಯಿಸಿ, ಮತ್ತೆ ವೆಲ್ಡಿಂಗ್ ಮಾಡಿಸುವವರಿದ್ದಾರೆ. ಸರಿಯಾಗಿ ಮಾಡಿ, ಬ್ಯಾಲೆನ್ಸ್ ನೋಡಿ, ಗ್ಯಾರಂಟಿ ಬರೆದುಕೊಡುವ ಕಡೆ ಮಾಡಿಸಿದರೆ ಅಡ್ಡಿಯಿಲ್ಲ. ಬ್ಯಾಲೆನ್ಸ್ ನೋಡದೆ ಬರೀ ವೆಲ್ಡಿಂಗ್ ಮಾಡಿ ಬಣ್ಣ ಹೊಡೆದು ಕೊಟ್ಟರೆ ಅದು ನಡುಗಿ ನಡುಗಿ ಗೇರ್ ಬಾಕ್ಸಿನ ಎಣ್ಣೆ ಪಂಪನ್ನೂ ಸೀಲನ್ನೂ ತಿಂದುಹಾಕುತ್ತದೆ.

ಕೂಲರ್ ತೊಳೆಸದೆ ಬಿಡುವುದು ಎರಡನೆಯ ಉಳಿತಾಯ. ಕೆಟ್ಟ ಕನ್ವರ್ಟರಿನ ಲೋಹದ ಪುಡಿ ಎಣ್ಣೆಯ ಜೊತೆ ಕೂಲರಿಗೂ ಪೈಪಿಗೂ ಹೋಗಿ ಕೂತಿರುತ್ತದೆ. ಹೊಸದು ಹಾಕಿ ಸ್ಟಾರ್ಟ್ ಮಾಡಿದ ಕೂಡಲೇ ಆ ಪುಡಿ ಹೊರಟು ಹೊಸದರೊಳಗೇ ಬರುತ್ತದೆ. ಕೊಳಕು ಪಾತ್ರೆಗೆ ಹಾಲು ಹಿಂಡಿದ ಹಾಗೆ.

ಮೂರನೆಯದು ಅವಸರ. ಕನ್ವರ್ಟರಿನ ಕತ್ತು ಎಣ್ಣೆ ಪಂಪಿನೊಳಕ್ಕೆ ಸರಿಯಾಗಿ ಕೂತಿದೆಯೇ ಎಂದು ಕೈಯಲ್ಲಿ ತಿರುಗಿಸಿ ನೋಡಿ ಆಮೇಲೆ ಬೋಲ್ಟು ಬಿಗಿಯಬೇಕು. ಕೂರದೆ ಇರುವುದನ್ನು ಬೋಲ್ಟಿನಿಂದಲೇ ಎಳೆದು ಕೂರಿಸಲು ಹೋದರೆ ಪಂಪು ಒಡೆಯುತ್ತದೆ. ಆಗ ಇಡೀ ಕೆಲಸ ಮೊದಲಿನಿಂದ. ಸಂಜೆ ಹೊತ್ತಿಗೆ ಮುಗಿಸಿಕೊಡು ಅಂತ ಮೆಕ್ಯಾನಿಕ್ಕಿನ ತಲೆ ಮೇಲೆ ಕೂರಬೇಡಿ. ಅವನಿಗೆ ಟೀ ಕುಡಿಸಿ, ನಿಧಾನವಾಗಿ ಮಾಡಪ್ಪ ಅನ್ನಿ.

ಹಾಗಾದರೆ ಉಳಿಸುವುದು ಎಲ್ಲಿ? ಮೂರು ಕಡೆ ಕೊಟೇಶನ್ ತರಿಸಿ. ಭಾಗದ ಬೆಲೆ, ಎಣ್ಣೆ, ಮಜೂರಿ ಬೇರೆ ಬೇರೆ ಬರೆದಿರಲಿ, ಜಿ.ಎಸ್.ಟಿ. ಸೇರಿದ್ದೋ ಇಲ್ಲವೋ ನಮೂದಾಗಿರಲಿ. ಗ್ಯಾರಂಟಿ ಬಾಯಿಮಾತಿನಲ್ಲಿ ಬೇಡ, ಬಿಲ್ಲಿನ ಮೇಲೆ ಬರಲಿ. ಮೀಟರಿನ ಗಂಟೆಯನ್ನು ಬಿಲ್ಲಿನಲ್ಲಿ ಬರೆಸಿ. ಬಿಚ್ಚಿದ ಹಳೆಯ ಭಾಗವನ್ನು ಸಂಘಕ್ಕೆ ತಂದು ಇಬ್ಬರು ನಿರ್ದೇಶಕರಿಗೆ ತೋರಿಸಿ. ಇಷ್ಟಾದರೆ ಆಡಿಟ್‌ನವರ ಮುಂದೆ ಕಾರ್ಯದರ್ಶಿಗಳು ತಲೆ ಎತ್ತಿ ಕೂರಬಹುದು, ಊರಿನವರ ಬಾಯಿಗೂ ಬೀಗ.

ಡ್ರೈವರನ ಕೈಯಲ್ಲಿ ಆಯಸ್ಸು

ಟಾರ್ಕ್ ಕನ್ವರ್ಟರಿನ ಶತ್ರು ಬಿಸಿ. ಬಿಸಿ ಹುಟ್ಟುವುದು ಚಕ್ರ ನಿಂತು ಎಂಜಿನ್ ಮಾತ್ರ ಪೂರ್ತಿ ತಿರುಗುವಾಗ. ಬಕೆಟ್ಟು ಗುಡ್ಡೆಗೆ ನುಗ್ಗಿ ನಿಂತ ಮೇಲೂ ಎಕ್ಸಲೇಟರ್ ಒತ್ತಿ ಹಿಡಿದರೆ ಎಂಜಿನ್ನಿನ ಶಕ್ತಿಯೆಲ್ಲ ಎಣ್ಣೆ ಕಾಯಿಸುವುದಕ್ಕೇ ಹೋಗುತ್ತದೆ. ಬಕೆಟ್ ತುಂಬುವಾಗ ಗೇರನ್ನು ಬಿಡಿಸುವ ಗುಂಡಿಯೊಂದು ಇಂಥ ಅನೇಕ ಯಂತ್ರಗಳ ಹಿಡಿಕೆಯ ಮೇಲೆ ಇರುತ್ತದೆ. ಅದನ್ನು ಒತ್ತಿದರೆ ಚಕ್ರಕ್ಕೆ ಹೋಗುವ ಶಕ್ತಿ ನಿಂತು ಬಕೆಟ್ ಎತ್ತುವ ಕಡೆಗೆ ಸಿಗುತ್ತದೆ. ಆ ಗುಂಡಿ ಯಾಕಿದೆ ಎಂದೇ ಗೊತ್ತಿಲ್ಲದ ಡ್ರೈವರುಗಳನ್ನು ನಾನು ಕಂಡಿದ್ದೇನೆ. ಅವರ ತಪ್ಪಲ್ಲ. ಕಲಿಸಿದವರಿಲ್ಲ. ಬ್ಯಾಟರಿ ಇಳಿದಾಗ ತಳ್ಳಿ ಸ್ಟಾರ್ಟ್ ಮಾಡಲು ಹೋಗುವುದೂ, ಎಂಜಿನ್ ಆಫ್ ಮಾಡಿ ದೂರದವರೆಗೆ ಎಳೆದುಕೊಂಡು ಹೋಗುವುದೂ ಕೂಡದು. ಎಂಜಿನ್ ತಿರುಗದಿದ್ದರೆ ಗೇರ್ ಬಾಕ್ಸಿನೊಳಗೆ ಎಣ್ಣೆ ಓಡುವುದಿಲ್ಲ.

ಬೆಳಿಗ್ಗೆ ಪುಸ್ತಕ ಹೇಳಿದ ರೀತಿಯಲ್ಲಿ ಎಣ್ಣೆ ಮಟ್ಟ ನೋಡುವುದು, ವಾರಕ್ಕೊಮ್ಮೆ ಕೂಲರಿನ ಧೂಳು ಊದಿಸುವುದು, ಹೇಳಿದ ಗಂಟೆಗೆ ಫಿಲ್ಟರು ಬದಲಾಯಿಸುವುದು, ಹೇಳಿದ ಜಾತಿಯ ಎಣ್ಣೆಯನ್ನೇ ಹಾಕುವುದು. ಈ ನಾಲ್ಕು ಕೆಲಸ ಮಾಡುವ ಡ್ರೈವರನಿಗೆ ವರ್ಷಕ್ಕೊಮ್ಮೆ ಒಂದು ತಿಂಗಳ ಸಂಬಳ ಬೋನಸ್ ಕೊಟ್ಟರೂ ಸಂಘಕ್ಕೆ ಲಾಭವೇ.

ರೂಪಾಯಿಗೆ ಐದು ಪೈಸೆ

ಈಗ ಕೊನೆಯ ಹಾಗೂ ಮುಖ್ಯವಾದ ಮಾತಿಗೆ ಬರುತ್ತೇನೆ. ಎಷ್ಟೇ ಚೆನ್ನಾಗಿ ನೋಡಿಕೊಂಡರೂ ಯಂತ್ರ ಒಂದು ದಿನ ಕೆಟ್ಟೇ ಕೆಡುತ್ತದೆ. ಆ ದಿನದ ದುಡ್ಡು ಎಲ್ಲಿಂದ ಬರಬೇಕು?

"ಸಂಘದಲ್ಲಿ ಆಪದ್ಧನ ನಿಧಿ ಇದೆಯಲ್ಲ" ಅಂತ ಒಬ್ಬರು ಊಟದ ಹೊತ್ತಿನಲ್ಲಿ ಅಂದರು. ಬಂಧುಗಳೇ, 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ ಪ್ರಕಾರ ನಿವ್ವಳ ಲಾಭದಲ್ಲಿ ಕನಿಷ್ಠ ಶೇಕಡಾ 25 ಭಾಗ ಆಪದ್ಧನ ನಿಧಿಗೆ ಹೋಗಬೇಕು. ಅದು ಸಂಘದ ಬೆನ್ನುಮೂಳೆ, ಯಂತ್ರದ ರಿಪೇರಿಗೆ ಕೈಹಾಕುವ ಹುಂಡಿಯಲ್ಲ. ಇನ್ನೊಂದು ವಿಷಯ. ರಿಪೇರಿ ಮತ್ತು ಸವಕಳಿಯ ದುಡ್ಡನ್ನು ಲಾಭ ಲೆಕ್ಕ ಹಾಕುವುದಕ್ಕಿಂತ ಮೊದಲೇ ತೆಗೆದಿಡಬೇಕು. ಹಾಗೆ ತೆಗೆದಿಡದೆ ಲಾಭ ತೋರಿಸಿ ಡಿವಿಡೆಂಡ್ ಹಂಚಿದರೆ, ನಾವು ಹಂಚಿಕೊಳ್ಳುತ್ತಿರುವುದು ಲಾಭವಲ್ಲ. ಯಂತ್ರದ ಕನ್ವರ್ಟರನ್ನು, ಟೈರನ್ನು, ಪಿನ್ನು ಬುಷ್ಷನ್ನು ಚೂರು ಚೂರಾಗಿ ಹಂಚಿಕೊಂಡು ತಿನ್ನುತ್ತಿದ್ದೇವೆ.

ಅದಕ್ಕೆ ನನ್ನ ಸಲಹೆ ಇಷ್ಟು. ಯಂತ್ರ ವರ್ಷಕ್ಕೆ 200 ದಿನ, ದಿನಕ್ಕೆ ಆರು ಗಂಟೆಯಂತೆ 1,200 ಗಂಟೆ ಓಡುತ್ತದೆ ಎಂದುಕೊಳ್ಳಿ. ಗಂಟೆಗೆ 60 ರೂಪಾಯಿ, ಅಂದರೆ 1,200 ರೂಪಾಯಿ ಬಾಡಿಗೆಯಲ್ಲಿ ರೂಪಾಯಿಗೆ ಐದು ಪೈಸೆ, "ಯಂತ್ರ ದುರಸ್ತಿ ನಿಧಿ" ಎಂದು ಬೇರೆ ಖಾತೆಗೆ ಅಂದಂದೇ ಜಮಾ ಮಾಡಿ. ವರ್ಷಕ್ಕೆ 72,000 ರೂಪಾಯಿ. ಆಗಲೇ ನಾವು ಹಾಕಿದ ಕನ್ವರ್ಟರ್ ಕೆಲಸದ ಬಿಲ್ಲೂ 72,000ವೇ. ಒಂದು ವರ್ಷದ ಐದು ಪೈಸೆಗಳು ಒಂದು ದೊಡ್ಡ ಕೆಲಸವನ್ನು ದಾಟಿಸುತ್ತವೆ. ಕೆಡದ ವರ್ಷದ ದುಡ್ಡು ಮುಂದಿನ ವರ್ಷಕ್ಕೆ. ಟೈರಿನ ದುಡ್ಡನ್ನು ಇದಕ್ಕೆ ಸೇರಿಸಬೇಡಿ, ಅದು ಬೇರೆಯೇ ಇರಲಿ. ಹನಿ ಹನಿಗೂಡಿದರೆ ಹಳ್ಳ.

ಈಗ ಬಾಡಿಗೆ ನೂರು ರೂಪಾಯಿ ಇಳಿಸಿದರೆ ಏನಾಗುತ್ತದೆ ನೋಡಿ. ವರ್ಷಕ್ಕೆ ಮೂರು ಗಂಟೆ ಕೆಲಸ ಮಾಡಿಸುವ ಸದಸ್ಯನಿಗೆ ಉಳಿಯುವುದು 300 ರೂಪಾಯಿ. ಸಂಘಕ್ಕೆ 1,200 ಗಂಟೆಗೆ 1,20,000 ರೂಪಾಯಿ ಕಡಿಮೆ. ದುರಸ್ತಿ ನಿಧಿಯೂ ಹೋಯಿತು, ಅದರ ಮೇಲೆ 48,000 ಕೂಡ ಹೋಯಿತು. ಹೊರಗಿನ ಬಾಡಿಗೆಯವನು ನೂರು ಕಡಿಮೆಗೆ ಬರುತ್ತಾನೆ, ನಿಜ. ಸಂಘದ ಯಂತ್ರ ಗೋಡೌನ್ ಹಿಂದೆ ತುಕ್ಕು ಹಿಡಿದು ನಿಂತ ಮಾರನೆಯ ವರ್ಷ ಅವನು ಎಷ್ಟು ಕೇಳುತ್ತಾನೆ ಎಂದು ನೀವೇ ಯೋಚಿಸಿ. ಸಂಘದ ಯಂತ್ರ ಓಡುತ್ತಿರುವುದರಿಂದಲೇ ಅವನ ಬಾಡಿಗೆಯೂ ಹಿಡಿತದಲ್ಲಿದೆ. ಇಳಿಸಲೇಬೇಕು ಅಂತಿದ್ದರೆ ದುರಸ್ತಿ ನಿಧಿಯನ್ನು ಮೊದಲು ತೆಗೆದಿಟ್ಟು, ಕಂತು, ಸಂಬಳ, ಸವಕಳಿ ಎಲ್ಲ ಕಳೆದು, ಉಳಿದದ್ದರಲ್ಲಿ ಎಷ್ಟಾಗುತ್ತೋ ಅಷ್ಟು ಇಳಿಸಿ. ಯಾರ ಅಡ್ಡಿಯೂ ಇಲ್ಲ.

ಸ್ವಂತ ಯಂತ್ರ ಇಟ್ಟುಕೊಂಡ ನಮ್ಮ ಹುಡುಗರ ಪರವಾಗಿಯೂ ಒಂದು ಬಿನ್ನಹ. ಯಂತ್ರ ಕೊಳ್ಳಲು ಸಾಲ ಕೊಡುವವರು ಮನೆ ಬಾಗಿಲಿಗೇ ಬರುತ್ತಾರೆ. ಅದು ಕೆಟ್ಟು ನಿಂತ ದಿನ ಯಾರೂ ಬರುವುದಿಲ್ಲ. ಆಗ ಅವನು ಹೋಗುವುದು ಕೈಸಾಲದವನ ಹತ್ತಿರ, ತಿಂಗಳಿಗೆ ನೂರಕ್ಕೆ ಮೂರು, ಐದರ ಬಡ್ಡಿಗೆ. ಯಂತ್ರದಿಂದ ಬಂದದ್ದು ಕಂತಿಗೂ ಸಾಲದೆ ಬಡ್ಡಿಗೂ ಸಾಲದೆ ಕೊನೆಗೆ ಜಮೀನಿನ ಕಾಗದ ಹೊರಗೆ ಬರುತ್ತದೆ. ಸಂಘದ ಬೈಲಾ ಹಾಗೂ ಇಲಾಖೆಯ ನಿಯಮಗಳಿಗೆ ಒಳಪಟ್ಟು, ಗ್ಯಾರೇಜಿನ ಕೊಟೇಶನ್ ನೋಡಿ, ದುಡ್ಡನ್ನು ನೇರವಾಗಿ ಗ್ಯಾರೇಜಿಗೇ ಪಾವತಿ ಮಾಡುವಂಥ ಸಣ್ಣ ದುರಸ್ತಿ ಸಾಲವೊಂದನ್ನು ಸಂಘ ಯೋಚಿಸಬಾರದೇಕೆ? ಒಂದು ಯಂತ್ರ ಎದ್ದು ನಿಂತರೆ ಅದರ ಹಿಂದೆ ಒಂದು ಮನೆಯೂ ಎದ್ದು ನಿಲ್ಲುತ್ತದೆ. ಎಲ್ಲರಿಗಾಗಿ ನಾನು, ನನಗಾಗಿ ಎಲ್ಲರೂ ಎಂದು ಪ್ರತಿ ಸಭೆಯಲ್ಲೂ ಹೇಳುತ್ತೇವೆ. ಅದು ಗೋಡೆಯ ಮೇಲಿನ ಬರಹವಾಗಿ ಉಳಿಯದೆ ಗ್ಯಾರೇಜಿನವರೆಗೂ ಹೋಗಲಿ.

ಹೆಚ್ಚು ಹೊತ್ತು ತೆಗೆದುಕೊಂಡೆ ಅಂತ ಕಾಣುತ್ತೆ, ಅಡುಗೆ ಮನೆಯಿಂದ ಪಾಯಸದ ವಾಸನೆ ಬರ್ತಾ ಇದೆ. ಐವತ್ತನೆಯ ವರ್ಷದ ಚಿನ್ನದ ಹಬ್ಬಕ್ಕೆ ಈ ಯಂತ್ರ ಇರುವುದಿಲ್ಲ, ಅದರ ಆಯಸ್ಸು ಅಷ್ಟಿಲ್ಲ. ಆದರೆ ಇದರ ದುಡಿಮೆಯಲ್ಲೇ ಇದರ ಮುಂದಿನದನ್ನು ಕೊಳ್ಳುವಷ್ಟು ಲೆಕ್ಕ ಶುದ್ಧವಾಗಿರಲಿ ಎಂದು ಹಾರೈಸುತ್ತೇನೆ.